ಅಮೆರಿಕಾದ ಗುಡ್ಡದಾಗ ಬಂಗಾರದ ಕ್ಲೇಮ್ ತಗೊಳ್ಳೋರು ರೊಕ್ಕ ಕೊಡೂಕಿಂತ ಮೊದಲು ಏನೇನು ನೋಡಬೇಕು

“ಇಪ್ಪತ್ತು ಎಕರೆ, ಗುಡ್ಡದಾಗ, ಹಳ್ಳದ ದಂಡಿ, ಬಂಗಾರ ಗ್ಯಾರಂಟಿ, ಬರೇ ಮೂರು ಸಾವಿರ ಡಾಲರ್” ಅಂತ ಜಾಹೀರಾತು ಬರ್ತಾವಲ್ರಿ, ಅದನ್ನ ನೋಡಿ ಅಮೆರಿಕಾದಾಗ ಇರೂ ನಮ್ಮ ಹುಬ್ಬಳ್ಳಿ, ಗದಗ, ಹಾವೇರಿ ಹುಡುಗ್ರು ಮನಿಗೆ ಫೋನ್ ಹಚ್ತಾರ, ಇಲ್ಲೆ ಅಪ್ಪ ಅವ್ವ ನಮ್ಮ ಮಗ ಅಲ್ಲೆ ಇಪ್ಪತ್ತು ಎಕರೆ ಹೊಲಾ ಹಿಡದ ಅಂತ ಓಣಿ ತುಂಬ ಪೇಢೆ ಹಂಚಾಕ ತಯಾರಾಗ್ತಾರ. ಹೊಲಾ ಅಲ್ರಿ ಅದು. ಆ ಮೂರು ಸಾವಿರಕ್ಕ ಒಂದು ಗುಂಟೆ ಮಣ್ಣೂ ನಿಮ್ಮ ಹೆಸರಿಗೆ ಆಗಂಗಿಲ್ಲ. ನೆಲ ಅಲ್ಲಿನ ಸರ್ಕಾರದ್ದ, ನಿಮಗ ಬರೂದು ಅದರೊಳಗಿನ ಖನಿಜ ತಗಿಯೂ ಹಕ್ಕು ಅಷ್ಟ, ಅದಕ್ಕ ಅಲ್ಲೆ ಕ್ಲೇಮ್ ಅಂತಾರ. ಹೊಲಾ ಲಾವಣಿಗೆ ಹಿಡದಂಗ ಅಂದ್ರ ಸ್ವಲ್ಪ ಹತ್ತಿರ ಬರ್ತೈತಿ, ಆದ್ರ ಲಾವಣಿದಾರ ಬೇಲಿ ಹಾಕ್ತಾನ, ಗುಡಸಲಾ ಕಟ್ತಾನ, ಇಲ್ಲೆ ಅದೂ ಇಲ್ಲ.

ನಮ್ಮ ಅಕ್ಕನ ಮಗ ಕ್ಯಾಲಿಫೋರ್ನಿಯಾದಾಗ ಇರ್ತಾನ, ಅಲ್ಲಿನ ಸಿಟಿಜನ್ ಆಗ್ಯಾನ, ಅವಗ ಸಣ್ಣಾಂವ ಇದ್ದಾಗಿಂದ ಕಲ್ಲು ಆರಿಸೂ ಹುಚ್ಚು. “ಮಾಮಾ, ಒಂದು ಕ್ಲೇಮ್ ನೋಡೀನಿ, ಕಾಗದಪತ್ರ ನೀವ ಒಮ್ಮೆ ನೋಡಿಬಿಡ್ರಿ, ನಿಮಗ ಉತಾರ ನೋಡೂ ರೂಢಿ ಐತಿ” ಅಂದ. ನಾ ಇಲ್ಲೆ ಗದಗಿನ್ಯಾಗ ಕುಂತು ರಾತ್ರಿ ಲ್ಯಾಪ್‌ಟಾಪಿನ್ಯಾಗ ಅವನ ಜೋಡಿ ಎಲ್ಲಾ ದಾಖಲೆ ತಗದು ನೋಡಿದೆ, ಆಮ್ಯಾಲೆ ಬ್ಯಾರೆ ಮೂರ್ನಾಕು ಮನಿಯವ್ರೂ ಕೇಳಾಕ ಹತ್ತಿದ್ರು, ಅದಕ್ಕ ಎಲ್ಲಾ ಒಂದ ಕಡೆ ಬರದು ಇಡಾಕತ್ತೀನಿ.

ಮೊದಲು ಇಲ್ಲಿದು ಒಂದು ಮಾತು, ಯಾಕಂದ್ರ ಎಲ್ಲಾರೂ ಕೇಳೂದು ಇದನ್ನ: “ಅಲ್ಲಿಗೆ ಯಾಕ ಹೋಗಬೇಕ್ರಿ, ನಮ್ಮ ಕಪ್ಪತಗುಡ್ಡದಾಗ ಬಂಗಾರ ಇಲ್ಲೇನು?” ಐತಿ. ರಾಬರ್ಟ್ ಬ್ರೂಸ್ ಫೂಟ್ ಅನ್ನೂ ಭೂವಿಜ್ಞಾನಿ 1874ರಾಗ ಡಂಬಳ ಗುಡ್ಡಗಳ ಬಂಗಾರದ ಕಲ್ಲಿನ ಬಗ್ಗೆ ವರದಿ ಬರದಾನ, ಡೋಣಿ, ಸೊರಟೂರು ಕಡೆ ಹಳ್ಳದ ಉಸುಕು ತೊಳದು ಬಂಗಾರ ತಗಿಯೂ ಜಲಗಾರರು ಆವಾಗ ಇದ್ರು, ಇಪ್ಪತ್ತನೇ ಶತಮಾನದ ಸುರುವಿಗೆ ಕಬಲಾಯತಕಟ್ಟಿ ಕಡೆ ಇಂಗ್ಲೀಷ್ ಕಂಪನಿಯವ್ರು ಗಣಿ ತೋಡಿ ಬಿಟ್ಟು ಹೋದ್ರು. ಆದ್ರ ನಮ್ಮ ದೇಶದ ಕಾಯ್ದೆದಾಗ ಒಬ್ಬ ಮನಷ್ಯಾ ಹೋಗಿ ಗೂಟ ಹೊಡದು ಇದು ನನ್ನ ಕ್ಲೇಮ್ ಅನ್ನೂದು ಇಲ್ಲವೇ ಇಲ್ಲ. 1957ರ ಗಣಿ ಮತ್ತು ಖನಿಜ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ದ ಹುಡುಕೂದೂ ತಪ್ಪು ತಗಿಯೂದೂ ತಪ್ಪು, 2015ರಿಂದ ಬಂಗಾರದಂಥಾ ಖನಿಜ ಹರಾಜಿನ್ಯಾಗ ಕಂಪನಿಗಳಿಗೆ ಹೋಗ್ತೈತಿ, ಅಕ್ರಮ ಮಾಡಿದ್ರ ಐದು ವರ್ಷದ ತನಕ ಜೇಲು. ಮ್ಯಾಲೆ ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ. ಆ ಗುಡ್ಡ ಉಳಸಾಕ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು, ಸುತ್ತಲಿನ ಹಳ್ಳಿ ಮಂದಿ, ಔಷಧಿ ಗಿಡದ ಮ್ಯಾಲೆ ಜೀವ ಇಟ್ಟವ್ರು ಎಷ್ಟು ವರ್ಷ ಬಡದಾಡ್ಯಾರ ಅಂತ ನಾವು ಕಣ್ಣಾರೆ ನೋಡೀವಿ. ಯಾವ ದಲಾಲಿ ಬಂದು “ಕಪ್ಪತಗುಡ್ಡದ ಸೆರಗಿನ್ಯಾಗ ಬಂಗಾರದ ಜಾಗಾ ಕೊಡಸ್ತೀನಿ” ಅಂದ್ರೂ ಅವಗ ಒಂದು ರೂಪಾಯಿ ಸಂಚಕಾರ ಕೊಡಬ್ಯಾಡ್ರಿ, ಅಲ್ಲೆ ಒಂದು ಸಲಿಕಿ ಮಣ್ಣೂ ತಗೀಬ್ಯಾಡ್ರಿ. ಇದನ್ನ ನಾ ಭಾಳ ಮನಸ್ಸಿನಿಂದ ಹೇಳ್ತೀನಿ.

ಈಗ ಅಮೆರಿಕಾದ್ದು. ಅಲ್ಲಿ ಕಾಯ್ದೆ 1872ರದ್ದು, ಇನ್ನೂ ಜಾರಿಯಾಗ ಐತಿ. ಸರ್ಕಾರಿ ಜಮೀನು, ಅಂದ್ರ ಬಿಎಲ್ಎಂ ಅನ್ನೂ ಭೂ ಇಲಾಖೆದು ಇಲ್ಲಾ ಫಾರೆಸ್ಟ್ ಸರ್ವೀಸ್ ನೋಡ್ಕೊಳ್ಳೂ ಕಾಡು, ಅದರಾಗ ಬಂದ್ ಮಾಡದ ಜಾಗಾ ಇದ್ರ ಮೌಲ್ಯದ ಖನಿಜ ಸಿಕ್ಕಾಂವ ಗಡಿ ಗುರುತು ಮಾಡಿ ಕ್ಲೇಮ್ ಹಾಕಬಹುದು. ಯಾರು ಹಾಕಬಹುದು ಅನ್ನೂದು ನಮ್ಮವ್ರಿಗೆ ಭಾಳ ಮುಖ್ಯ: ಅಮೆರಿಕಾದ ಸಿಟಿಜನ್, ಇಲ್ಲಾ ಸಿಟಿಜನ್ ಆಗ್ತೀನಿ ಅಂತ ಕಾಯ್ದೆ ಪ್ರಕಾರ ಘೋಷಣಾ ಮಾಡಿದಾಂವ, ಇಲ್ಲಾ ಅಲ್ಲಿನ ಕಾಯ್ದೆದಾಗ ಆದ ಕಂಪನಿ. ಎಚ್-1ಬಿ ಅನ್ನೂ ಕೆಲಸದ ವೀಸಾ ಮ್ಯಾಲೆ ಇದ್ದ ಹುಡುಗ ತನ್ನ ಹೆಸರಿಲೆ ತಗೊಳ್ಳಾಕ ಬರಂಗಿಲ್ಲ, ನೀವು ಇಲ್ಲಿಂದ ನಿಮ್ಮ ಹೆಸರಿಲೆ ತಗೊಳ್ಳಾಕ ಬರಂಗಿಲ್ಲ. ಗ್ರೀನ್ ಕಾರ್ಡ್ ಐತಿ ಅಂದ್ರೂ ಆ ಘೋಷಣಾದ ಕಾಗದ ಬ್ಯಾರೆ ಮಾಡಬೇಕು, ಅದನ್ನ ವಕೀಲರ ಕಡೆ ಕೇಳಿ ಮುಂದ ಹೋಗ್ರಿ. ಮಾರಾಂವ ಇದನ್ನ ಕೇಳಂಗನ ಇಲ್ಲ, ಅವಗ ರೊಕ್ಕ ಬಂದ್ರ ಸಾಕು.

ಜಾಹೀರಾತಿನ್ಯಾಗ “ರಿಕ್ರಿಯೇಷನಲ್ ಕ್ಲೇಮ್” ಅಂತ ಬರದಿರ್ತಾರ. ಕಾಯ್ದೆದಾಗ ಅಂಥಾ ಜಾತಿನ ಇಲ್ಲ. ಹವ್ಯಾಸಕ್ಕ ತಗೊಂಡ್ರೂ ವ್ಯಾಪಾರಕ್ಕ ತಗೊಂಡ್ರೂ ನಿಯಮ ಒಂದ, ಅಲ್ಲೆ ಖರೇನ ಬೆಲೆ ಬಾಳೂ ಖನಿಜ ಇರಬೇಕು, ಇಲ್ಲಂದ್ರ ಸರ್ಕಾರ ಪ್ರಶ್ನೆ ಮಾಡಿದ ದಿನ ಕ್ಲೇಮ್ ನಿಲ್ಲಂಗಿಲ್ಲ. ಶನಿವಾರ ರವಿವಾರ ಟೆಂಟ್ ಹಾಕಾಕ ಒಂದು ಜಾಗಾ ಆಗ್ತೈತಿ ಅನ್ನೂ ಲೆಕ್ಕದಾಗ ತಗೊಳ್ಳೂದಾದ್ರ ತಗೊಳ್ಳಬ್ಯಾಡ್ರಿ. 1955ರ ಕಾಯ್ದೆ ಬಂದ ಮ್ಯಾಲೆ ಹಾಕಿದ ಕ್ಲೇಮಿನ್ಯಾಗ ಮ್ಯಾಲಿನ ನೆಲದ ಉಸ್ತುವಾರಿ ಸರ್ಕಾರದ್ದು, ಮನಿ ಕಟ್ಟಂಗಿಲ್ಲ, ಗೇಟ್ ಹಾಕಿ ಮಂದಿನ್ನ ತಡಿಯಂಗಿಲ್ಲ, ಮೀನ ಹಿಡಿಯೋರು ಬೇಟಿ ಆಡೋರು ಬಂದು ಹೋಗ್ತಾರ, ನಿಮ್ಮ ಖನಿಜಕ್ಕ ಮಾತ್ರ ಕೈ ಹಚ್ಚಂಗಿಲ್ಲ.

ಇನ್ನೊಂದು ಶಬ್ದ ಪೇಟೆಂಟೆಡ್. ಪೇಟೆಂಟ್ ಆದ ಕ್ಲೇಮ್ ಅಂದ್ರ ಜಮೀನ ಪೂರಾ ಖಾಸಗಿ ಆಗೇತಿ ಅಂತ, ಅದು ಬ್ಯಾರೆ, ಅದರ ರೇಟೂ ಬ್ಯಾರೆ. 1994ರ ಅಕ್ಟೋಬರ್‌ದಿಂದ ಹೊಸಾ ಪೇಟೆಂಟ್ ಅರ್ಜಿ ತಗೊಳ್ಳೂದು ಬಂದ್ ಐತಿ, ಅದಕ್ಕ ಯಾವನರೆ “ಈಗ ಕ್ಲೇಮ್ ತಗೋರಿ, ಮುಂದ ಜಮೀನ ನಿಮ್ಮ ಹೆಸರಿಗೆ ಮಾಡಿಸ್ಕೋಬಹುದು” ಅಂದ್ರ ಅಲ್ಲಿಗೇ ಮಾತು ಮುಗಸ್ರಿ.

ಕ್ಲೇಮಿನ್ಯಾಗ ಎರಡು ನಮೂನಿ. ಹಳ್ಳದ ಉಸುಕು, ಗರಸಿನ್ಯಾಗ ಉದುರಿ ಬಂದು ಕುಂತಿದ್ದಕ್ಕ ಪ್ಲೇಸರ್, ಬಂಡಿಗಲ್ಲಿನೊಳಗ ಗೆರಿ ಹೊಡದಂಗ ಇರೂ ಅದಿರಿಗೆ ಲೋಡ್. ಪ್ಲೇಸರ್ ಒಬ್ಬಾಂವಗ 20 ಎಕರೆ ತನಕ, ಎಂಟು ಮಂದಿ ಕೂಡಿದ್ರ 160 ಎಕರೆ ತನಕ. ಲೋಡ್ ಅಂದ್ರ ಗೆರಿ ಗುಂಟ 1500 ಅಡಿ ಉದ್ದ, ಗೆರಿಯಿಂದ ಎರಡೂ ಕಡೆ 300 ಅಡಿ ಅಗಲ. ಹರಳಿನ ಕಲ್ಲಿಗೂ ಇದ ಲೆಕ್ಕ, ನೀಲ ಹಳ್ಳದ ಗರಸಿನ್ಯಾಗ ಸಿಗ್ತಿದ್ರ ಪ್ಲೇಸರ್, ಬಂಡಿಯಾಗ ಹೂತಿದ್ರ ಲೋಡ್. ಮಾರಾಂವ ಫೋಟೋದಾಗ ಬಿಳಿ ಬೆಣಚಿ ಕಲ್ಲಿನ ಗೆರಿ ತೋರಿಸಿ ಬಂಗಾರ ಇದರೊಳಗ ಐತಿ ಅಂತಾನ, ದಾಖಲೆದಾಗ ನೋಡಿದ್ರ ಕ್ಲೇಮ್ ಪ್ಲೇಸರ್, ಆವಾಗ ಆ ಗೆರಿ ಮ್ಯಾಲೆ ನಿಮಗ ಹಕ್ಕ ಬರಂಗಿಲ್ಲ.

ದಾಖಲೆ ನೋಡೂದು ಹೆಂಗ ಅನ್ನೂದ ಇಲ್ಲಿ ಅಸಲು ವಿಷಯ, ಇದಕ್ಕ ಟೈಮ್ ಕೊಡ್ರಿ. ಬಿಎಲ್ಎಂದ್ದು ಎಂಎಲ್ಆರ್ಎಸ್ ಅಂತ ಆನ್‌ಲೈನ್ ದಾಖಲೆ ಐತಿ, ಯಾರು ಬೇಕಾದ್ರೂ ನೋಡಬಹುದು, ಅದಕ್ಕ ರೊಕ್ಕಾನೂ ಬೀಳಂಗಿಲ್ಲ. ಮಾರಾಂವನ ಕಡೆ ಕ್ಲೇಮಿನ ಸೀರಿಯಲ್ ನಂಬರ್ ಕೇಳ್ರಿ. ನಂಬರ್ ಕೊಡಾಕ ಹಿಂದ ಮುಂದ ನೋಡಿದ್ರ ಅಲ್ಲೆ ಬಿಡ್ರಿ. ನಂಬರ್ ಹಾಕಿದ ಮ್ಯಾಲೆ ಕ್ಲೇಮ್ ಚಾಲೂ ಐತೋ ಬಿದ್ದು ಹೋಗೇತೋ ಬರ್ತೈತಿ, ಕಡೀಕ ಯಾವ ವರ್ಷದ ಫೀ ಕಟ್ಯಾರ ಬರ್ತೈತಿ, ಯಾರ ಹೆಸರಿಲೆ ಐತಿ ಬರ್ತೈತಿ. ನಮ್ಮ ಹುಡುಗ ಮೊದಲು ನೋಡಿದ್ದು ಭಾಳ ಚಂದ ಜಾಗಾ, ನೀರು, ದಾರಿ ಎಲ್ಲಾ ಇತ್ತು, ಆದ್ರ ದಾಖಲೆದಾಗ ಇದ್ದ ಹೆಸರು ಇಬ್ರದ್ದು, ಮಾರಾಕ ಬಂದಾಂವ ಮೂರನೇದಾಂವ, “ಅವ್ರು ನನಗ ಕೊಟ್ಟಾರ, ಕಾಗದ ಮನ್ಯಾಗ ಐತಿ” ಅಂದ. ಇಲ್ಲೆ ಹೊಲದ ಉತಾರದಾಗ ಅಣ್ಣ ತಮ್ಮಂದಿರ ಹೆಸರು ಕೂಡಿದ್ರ ಒಬ್ಬನ ಸಹಿ ಮ್ಯಾಲೆ ನಾವು ಖರೀದಿ ಹಾಕ್ಕೊಳ್ತೀವೇನು? ಇಬ್ರೂ ಸಹಿ ಮಾಡಲಿ ಅಂದ್ವಿ, ಆಮ್ಯಾಲೆ ಅವ ಫೋನ್ ಎತ್ತಲಿಲ್ಲ.

ಎಂಎಲ್ಆರ್ಎಸ್ ಒಂದ ಸಾಲಂಗಿಲ್ಲ. ಕೌಂಟಿ ಅಂದ್ರ ನಮ್ಮ ಜಿಲ್ಲಾ ಇದ್ದಂಗ, ಅಲ್ಲೆ ಕೌಂಟಿ ರೆಕಾರ್ಡರ್ ಅಂತ ಇರ್ತಾರ, ನಮ್ಮ ಸಬ್ ರಿಜಿಸ್ಟ್ರಾರ್ ಆಫೀಸಿನಂಗ, ಅಲ್ಲೆ ಮೊದಲಿನ ಕ್ಲೇಮಿನ ನೋಟೀಸು, ಆಮ್ಯಾಲಿನ ಎಲ್ಲಾ ಕೈ ಬದಲಿ ಪತ್ರ ಸಿಗ್ತಾವ, ಒಂದಕ್ಕೊಂದು ಸರಪಳಿ ಕೂಡ್ತೈತೋ ಇಲ್ಲೋ ನೋಡಬೇಕು. ಮತ್ತ ಒಂದು ಮಾತು ಭಾಳ ಮಂದಿಗೆ ಗೊತ್ತಿರಂಗಿಲ್ಲ, ಒಂದ ಜಾಗಾದ ಮ್ಯಾಲೆ ಇಬ್ರು ಕ್ಲೇಮ್ ಹಾಕಿದ್ರೂ ಬಿಎಲ್ಎಂ ಇಬ್ರ ಕಾಗದಾನೂ ತಗೊಳ್ತೈತಿ, ಯಾರದ್ದು ಖರೇ ಅಂತ ಅವ್ರು ತೀರ್ಪು ಕೊಡಂಗಿಲ್ಲ, ಅದು ಕೋರ್ಟಿನ ಕೆಲಸ, ಸಾಮಾನ್ಯವಾಗಿ ಮೊದಲು ಸರಿಯಾಗಿ ಹಾಕಿದಾಂವ ಗೆಲ್ತಾನ. ಅದಕ್ಕ ಅದ ಸೆಕ್ಷನ್ನಿನ್ಯಾಗ ಬ್ಯಾರೆ ಯಾವ ಕ್ಲೇಮ್ ಅದಾವ, ಯಾವ ತಾರೀಖಿಂದ ಅದಾವ ಅಂತ ಎಲ್ಲಾ ತಗದು ನಕಾಶೆ ಮ್ಯಾಲೆ ಇಟ್ಟು ನೋಡ್ರಿ. ಅಲ್ಲಿನ ಮೋಜಣಿ ತಿಳ್ಕೊಳ್ಳೂದು ಅವಘಡ ಇಲ್ಲ: ಆರು ಮೈಲಿ ಚೌಕದ್ದು ಒಂದು ಟೌನ್‌ಶಿಪ್, ಅದರಾಗ 36 ಸೆಕ್ಷನ್, ಒಂದು ಸೆಕ್ಷನ್ 640 ಎಕರೆ, ಅದರ ಕಾಲು ಭಾಗದ ಕಾಲು ಭಾಗ 40 ಎಕರೆ, ಅದರ ಅರ್ಧ ನಿಮ್ಮ 20. ಇದರ ಜೋಡಿ ಮಾಸ್ಟರ್ ಟೈಟಲ್ ಪ್ಲ್ಯಾಟ್ ಅನ್ನೂ ನಕಾಶೆ ನೋಡಿದ್ರ ಆ ನೆಲ ಗಣಿಗೆ ತೆರದೈತೋ ಬಂದ್ ಮಾಡ್ಯಾರೋ ಗೊತ್ತಾಗ್ತೈತಿ. ನ್ಯಾಷನಲ್ ಪಾರ್ಕಿನ್ಯಾಗ, ವೈಲ್ಡರ್‌ನೆಸ್, ಅಂದ್ರ ಮನಷ್ಯಾ ಕೈ ಹಚ್ಚದಂಗ ಕಾಯ್ದಿಡೂ ಕಾಡು, ಅಂತ ಘೋಷಣಾ ಆದಲ್ಲೆ ಹೊಸಾ ಕ್ಲೇಮ್ ನಡಿಯಂಗಿಲ್ಲ.

ಸೆಪ್ಟೆಂಬರ್ 1 ಅನ್ನೂ ತಾರೀಖು ಗೋಡಿ ಮ್ಯಾಲೆ ಬರದಿಡ್ರಿ. ಪ್ರತಿ ವರ್ಷ ಅವತ್ತಿನೊಳಗ ಮುಂದಿನ ವರ್ಷದ ಫೀ ಕಟ್ಟಬೇಕು, 2024ರ ಸೆಪ್ಟೆಂಬರ್‌ದಿಂದ ಒಂದು ಲೋಡ್ ಕ್ಲೇಮಿಗೆ 200 ಡಾಲರ್, ಪ್ಲೇಸರ್‌ಗೆ ಪ್ರತಿ 20 ಎಕರೆಗೆ 200, ಅದಕ್ಕಿಂತ ಮೊದಲು 165 ಇತ್ತು. ಅಂದ್ರ ದೋಸ್ತರು ಕೂಡಿ ಹಾಕಿದ 160 ಎಕರೆ ಕ್ಲೇಮ್ ಅಗ್ಗ ಸಿಕ್ತು ಅಂತ ತಗೊಂಡ್ರ ವರ್ಷಾ 1600 ಡಾಲರ್ ಕಟ್ಟಬೇಕು. ಹತ್ತು ಇಲ್ಲಾ ಅದಕ್ಕಿಂತ ಕಡಿಮಿ ಕ್ಲೇಮ್ ಇದ್ದಾಂವಗ ಸಣ್ಣ ಗಣಿಗಾರ ಅಂತ ವಿನಾಯಿತಿ ಸಿಗ್ತೈತಿ, ಅದರ ಅರ್ಜಿನೂ ಸೆಪ್ಟೆಂಬರ್ 1ರೊಳಗ, ಮತ್ತ ಒಂದೊಂದು ಕ್ಲೇಮಿಗೆ ವರ್ಷಕ್ಕ ನೂರು ಡಾಲರ್ ಬೆಲಿ ಕೆಲಸ ಮಾಡಿ ಡಿಸೆಂಬರ್ 30ರೊಳಗ ಅದರ ಅಫಿಡವಿಟ್ ಕೊಡಬೇಕು. ಒಂದು ದಿನ ತಪ್ಪಿದ್ರೂ ಕ್ಲೇಮ್ ಹೋತು, ಮರುದಿನ ಯಾರು ಬೇಕಾದ್ರೂ ಅಲ್ಲೆ ತಮ್ಮ ಗೂಟ ಹೊಡೀಬಹುದು. ಜುಲೈ ಆಗಸ್ಟಿನ್ಯಾಗ ತಗೊಳ್ಳೋರು ಮುಂದಿನ ವರ್ಷದ ರಸೀದಿ ಕಣ್ಣಿಲೆ ನೋಡದ ರೊಕ್ಕ ಕೊಡಬ್ಯಾಡ್ರಿ. ಕಂತಿನ ಮ್ಯಾಲೆ ತಗೊಳ್ಳೋರಿಗೆ ಇದು ಇನ್ನೂ ಅಪಾಯ, ಪೂರಾ ರೊಕ್ಕ ಮುಟ್ಟೂ ತನಕ ದಾಖಲೆ ಮಾರಾಂವನ ಹೆಸರಿಲೇ ಇರ್ತೈತಿ, ಅವ ಫೀ ಕಟ್ಟಲಿಲ್ಲಂದ್ರ ನೀವು ಕಂತು ಕಟ್ಟಿದ್ದು ಗಾಳಿಗೆ ಹೋತು.

ಇಷ್ಟೆಲ್ಲಾ ಕಾಗದ ಕೂಡಿದ ಮ್ಯಾಲೆ ಜಾಗಾ ನೋಡಾಕ ಹೋಗ್ರಿ, ಹೋಗದ ಮಾತ್ರ ತಗೊಳ್ಳಬ್ಯಾಡ್ರಿ. ದಾರಿ ನಡುವ ಖಾಸಗಿ ಜಮೀನ ಇದ್ದು ಗೇಟಿಗೆ ಕೀಲಿ ಇದ್ರ ನಿಮ್ಮ ಕ್ಲೇಮ್ ನಿಮಗ ಮುಟ್ಟಂಗಿಲ್ಲ. ಕ್ಯಾಲಿಫೋರ್ನಿಯಾ ಕಡೆ ಸಿಯೆರಾ ನೆವಾಡಾದ ಎತ್ತರದ ಗುಡ್ಡದಾಗ ಚಳಿಗಾಲ ಪೂರಾ ಹಿಮ, ಹಿಮ ಕರಗಿದಾಗ ಹೊಳಿ ಸೊಕ್ಕಿ ಹರೀತಾವ, ಬ್ಯಾಸಿಗಿ ಕಡೀಕ ಸಣ್ಣ ಹಳ್ಳ ಒಣಗ್ತಾವ, ಅಂದ್ರ ಕೆಲಸಕ್ಕ ಬರೂ ತಿಂಗಳು ಎಷ್ಟು ಅಂತ ಕೇಳಬೇಕು. ನೋಟೀಸಿನ್ಯಾಗ ಬರದ ಮೂಲಿ ಗುರುತು ಹುಡುಕಿ ಜಿಪಿಎಸ್‌ದಾಗ ತಾಳೆ ಹಾಕ್ರಿ, ಕಾಗದದಾಗಿನ ಚಕ್ಕಬಂದಿ ಒಂದು ಕಡೆ, ಮಾರಾಂವ ತೋರಸೂ ಚಂದ ಮಡುವು ಇನ್ನೊಂದು ಕಡೆ ಇರೂದು ಉಂಟು.

ಇನ್ನ ಬಂಗಾರ ನೋಡೂದು. ಮಾರಾಂವ ಬಾಟ್ಲಿಯೊಳಗ ಹಾಕಿ ತಂದ ಬಂಗಾರ ಏನೂ ಸಾಕ್ಷಿ ಅಲ್ಲ, ಅವ ತುಂಬಿ ಕೊಟ್ಟ ಬಕೆಟ್ಟೂ ಸಾಕ್ಷಿ ಅಲ್ಲ, ಉಸುಕಿನ್ಯಾಗ ಬಂಗಾರದ ಪುಡಿ ಉದುರಿಸಿ ಮಾರೂ ಮೋಸ ಆ ಧಂಧೆದಷ್ಟ ಹಳೇದು. ನಿಮ್ಮ ಪ್ಯಾನ್ (ಉಸುಕು ತೊಳಿಯೂ ಅಗಲ ತಾಟು), ನಿಮ್ಮ ಸಲಿಕಿ, ಜಾಗಾನೂ ನೀವ ಆರಿಸ್ರಿ. ಬಂಗಾರ ನೀರಿಗಿಂತ 19 ಪಟ್ಟು ತೂಕ, ಅದಕ್ಕ ಅದು ಹೊಳಿ ತಿರುವಿನ ಒಳಮಗ್ಗಲಿಗೆ, ದೊಡ್ಡ ಬಂಡಿ ಹಿಂದ, ಎಲ್ಲಾಕಿಂತ ಹೆಚ್ಚು ಗರಸಿನ ತಳದಾಗಿನ ಗಟ್ಟಿ ಬಂಡಿ ಬಿರುಕಿನ್ಯಾಗ ಹೋಗಿ ಕುಂದರ್ತೈತಿ. ಮ್ಯಾಲಿನ ಉಸುಕು ತೊಳದು ಇಲ್ಲೆ ಏನಿಲ್ಲ ಅನ್ನಬ್ಯಾಡ್ರಿ, ಬಂಡಿ ಮುಟ್ಟೂ ತನಕ ಹೋಗ್ರಿ. ಪ್ಯಾನ್ ತುಂಬಿಸಿ ನೀರಾಗ ಮುಳುಗಿಸಿ ಮೊದಲು ಜೋರ ಅಲಗಾಡಸ್ರಿ, ತೂಕದ್ದು ತಳಕ್ಕ ಇಳೀಬೇಕು, ಆಮ್ಯಾಲೆ ಮುಂದಕ್ಕ ವಾರಿ ಮಾಡಿ ಮ್ಯಾಲಿನ ಹಗುರ ಉಸುಕು ಸ್ವಲ್ಪ ಸ್ವಲ್ಪ ಹೊರಗ ಬಿಡ್ರಿ, ಮತ್ತ ಅಲಗಾಡಸ್ರಿ. ಕಡೀಕ ಕರೀ ಉಸುಕು ಉಳೀತೈತಿ, ಒಣಗಿಸಿ ಅಯಸ್ಕಾಂತ ಆಡಿಸಿದ್ರ ಅದರಾಗ ಭಾಳಷ್ಟು ಎದ್ದು ಬರ್ತೈತಿ, ಹಿಂದ ಉಳದದ್ದು ನೋಡ್ರಿ. ಸೊರಟೂರಿನ ಜಲಗಾರರು ಮಾಡಿದ್ದೂ ಇದ ತತ್ವದ ಕೆಲಸ. ಮಿಂಚಿದ್ದೆಲ್ಲಾ ಬಂಗಾರ ಅಲ್ಲ ಅನ್ನಾಕ ಪತ್ತಾರರ ಬೇಕಂತಿಲ್ಲ: ಅಭ್ರಕ ನೀರಾಗ ತೇಲಾಡ್ತೈತಿ, ಬಂಗಾರದಂಗ ಮಿಂಚೂ ಪೈರೈಟ್ ಕಲ್ಲು ಸೂಜಿಲೆ ಒತ್ತಿದ್ರ ಪುಡಿ ಆಗ್ತೈತಿ, ಬಂಗಾರ ಒತ್ತಿದ್ರ ತಗ್ಗು ಬೀಳ್ತೈತಿ, ನೆರಳಿನ್ಯಾಗ ಹಿಡದ್ರೂ ಬಣ್ಣ ಬದಲಾಗಂಗಿಲ್ಲ. ಕ್ಲೇಮಿನ ಮ್ಯಾಲ ಭಾಗ, ನಡುವ, ಕೆಳಗ ಬ್ಯಾರೆ ಬ್ಯಾರೆ ಕಡೆ ತೊಳದು ಎಲ್ಲೆ ಎಷ್ಟು ಕಣ ಬಂತು ಅಂತ ವಹಿಯೊಳಗ ಬರೀರಿ. ಒಂದು ಟ್ರಾಯ್ ಔನ್ಸ್ ಅಂದ್ರ 31.1 ಗ್ರಾಂ, ಈಗಿನ ಲೆಕ್ಕದಾಗ ಮೂರು ತೊಲಿ ಮ್ಯಾಲೆ, ಅಷ್ಟು ಕೂಡಸಾಕ ಕೈಯಿಂದ ತೊಳಿಯೂ ಹವ್ಯಾಸಿಗೆ ಭಾಳ ದಿನ ಬೇಕು. ಇದರಾಗ ಬಡ್ಡಿ ಬರ್ತೈತಿ ಅಂತ ಮನಿ ಬಂಗಾರ ಅಡಾ ಇಟ್ಟು ರೊಕ್ಕ ಕಳಸಬ್ಯಾಡ್ರಿ.

ಹರಳಿನ ಕ್ಲೇಮಿಗೂ ಹಂಗ, ಸಾಣಿ ಹಿಡದ ಹರಳು ತೋರಿಸಿದ್ರ ಅದು ಎಲ್ಲಿಂದ ಬಂತು ಯಾವನಿಗೆ ಗೊತ್ತು, ನೀವ ಜರಡಿ ಹಿಡದು ಗರಸು ತೊಳದು ಬಂದ ಕಲ್ಲಷ್ಟ ಲೆಕ್ಕಕ್ಕ ಹಿಡೀರಿ. ನೀಲದ ಗಡಸುತನ 9, ಟೋಪಾಜಿಂದು 8, ಬೆಣಚಿ ಕಲ್ಲಿಂದು 7, ಇಷ್ಟು ತಿಳದಿದ್ರ ಬೆಣಚಿಗೆ ರತ್ನದ ರೇಟ್ ಕೊಡೂದು ತಪ್ಪತೈತಿ.

ಏನು ಮಾಡಾಕ ಬರ್ತೈತಿ ಅನ್ನೂದನ್ನ ಆ ಊರಿನ ಬಿಎಲ್ಎಂ ಇಲ್ಲಾ ಫಾರೆಸ್ಟ್ ಆಫೀಸಿಗೇ ಫೋನ್ ಹಚ್ಚಿ ಕೇಳ್ರಿ. ಪ್ಯಾನ್, ಸಲಿಕಿ, ಕೈ ಕೆಲಸಕ್ಕ ಬಿಎಲ್ಎಂ ನೆಲದಾಗ ಸಾಮಾನ್ಯವಾಗಿ ಪರವಾನಿಗಿ ಬೇಕಾಗಂಗಿಲ್ಲ, ಮಶೀನ್ ಇಳಿಸಿದ್ರ ನೋಟೀಸು, ಠೇವಣಿ ಎಲ್ಲಾ ಬರ್ತಾವ. ಕ್ಯಾಲಿಫೋರ್ನಿಯಾದಾಗ ಹೊಳಿ ತಳ ಹೀರೂ ಸಕ್ಷನ್ ಡ್ರೆಜ್ 2009ರಿಂದ ತಡದಾರ, ಜಾಹೀರಾತಿನ ಫೋಟೋದಾಗ ಅದ ಮಶೀನ್ ನಿಂತಿದ್ರ ಆ ಫೋಟೋ ಹಳೇದು ಅಂತ ತಿಳೀರಿ. ಹಳೇ ಗಣಿ ಸುರಂಗದೊಳಗ ಹೋಗಲೇಬ್ಯಾಡ್ರಿ, ಗಾಳಿ ಕೆಟ್ಟಿರ್ತೈತಿ. ಅಲ್ಲಿನ ಹಳೇ ಗಣಿಯವ್ರು ಪಾದರಸ ಭಾಳ ಬಳಸ್ಯಾರ, ಪ್ಯಾನಿನ್ಯಾಗ ಬೆಳ್ಳಿ ಹನಿಯಂಥಾದ್ದು ಬಂದ್ರ ಕೈಯಿಂದ ಮುಟ್ಟಬ್ಯಾಡ್ರಿ, ಮನಿಗೆ ತಂದು ಒಲಿ ಮ್ಯಾಲೆ ಕಾಸೂದಂತೂ ಮಕ್ಕಳ ಜೀವಕ್ಕ ಕುತ್ತು.

ಎಲ್ಲಾ ಸರಿ ಅನಿಸಿದ್ರ ರೇಟಿನ ಮಾತು. ನೆಲ ತೆರದಿದ್ದು ಖಾಲಿ ಇದ್ರ ನಿಮ್ಮ ಹುಡುಗನ ಸ್ವಂತ ಕ್ಲೇಮ್ ಹಾಕಿ 90 ದಿನದೊಳಗ ಬಿಎಲ್ಎಂದಾಗ, ಆ ರಾಜ್ಯದ ಗಡುವಿನೊಳಗ ಕೌಂಟಿಯೊಳಗ ನೋಂದಣಿ ಮಾಡಬಹುದು, ಖರ್ಚು ಬರೇ ಫೀದ್ದು. ಹಂಗಾದ್ರ ಮಾರಾಂವಗ ಜಾಸ್ತಿ ಯಾಕ ಕೊಡ್ತೀರಿ ಅನ್ನೂದಕ್ಕ ನಿಮ್ಮ ವಹಿಯೊಳಗ ಉತ್ತರ ಇರಬೇಕು, ಒಳ್ಳೇ ಕಣ, ಒಳ್ಳೇ ದಾರಿ, ಹಳೇ ತಾರೀಖು. ಮಾರೂ ಸಲುವಾಗೇ ಸಾಲುಗಟ್ಟಲೆ ಕ್ಲೇಮ್ ಹಾಕಿ ಕುಂತವ್ರೂ ಅದಾರ. ಬರೂ ಪತ್ರ ಬಹಳಮಟ್ಟಿಗೆ ಕ್ವಿಟ್‌ಕ್ಲೇಮ್ ಡೀಡ್, ಅಂದ್ರ “ನನ್ನ ಹಕ್ಕು ಏನಾರ ಇದ್ರ ನಿಮಗ ಬಿಟ್ಟೀನಿ” ಅಂತಷ್ಟ, ಹಕ್ಕು ಐತಿ ಅಂತ ಗ್ಯಾರಂಟಿ ಇಲ್ಲ, ಅದಕ್ಕ ಮ್ಯಾಲಿನ ತಪಾಸ ಎಲ್ಲಾ ನೀವ ಮಾಡಬೇಕಾಗೂದು. ನೋಟರಿ ಮುಂದ ಸಹಿ ಆಗಲಿ, ಕೌಂಟಿಯೊಳಗ ದಾಖಲಾಗಲಿ, 60 ದಿನದೊಳಗ ಅದರ ಪ್ರತಿ, ಫೀ ಜೋಡಿ ಬಿಎಲ್ಎಂಗೆ ಹೋಗಲಿ, ಆಮ್ಯಾಲೆ ಎಂಎಲ್ಆರ್ಎಸ್‌ದಾಗ ಹುಡುಗನ ಹೆಸರು ಬಂತೋ ಇಲ್ಲೋ ತಗದು ನೋಡ್ರಿ.

ವೀಸಾ ಅಡ್ಡ ಬಂದವ್ರು, ಇನ್ನೂ ಮನಸ್ಸು ಗಟ್ಟಿ ಆಗದವ್ರು ಮೊದಲು ತಿಕೀಟ ತಗೊಂಡು ಹುಡುಕೂ ಜಾಗಾಕ್ಕ ಹೋಗಿ ಬರಲಿ. ಅರ್ಕನ್ಸಾದಾಗ ಕ್ರೇಟರ್ ಆಫ್ ಡೈಮಂಡ್ಸ್ ಅಂತ ಸರ್ಕಾರಿ ಪಾರ್ಕ್ ಐತಿ, ಸಿಕ್ಕ ವಜ್ರ ನಿಮ್ಮದ. ಒರೆಗಾನ್‌ದಾಗ ಪ್ಲಶ್ ಊರಿನ ಹತ್ತಿರ ಸನ್‌ಸ್ಟೋನ್ ಅನ್ನೂ ಹರಳು ಆರಸಾಕ ಬಿಎಲ್ಎಂ ಬಿಟ್ಟ ಜಾಗಾಕ್ಕ ಫೀನೂ ಇಲ್ಲ. ಮಕ್ಕಳನ್ನ ಕರಕೊಂಡು ಹೋಗಾಕ ಇವು ನನಗ ಕ್ಲೇಮಿಗಿಂತ ಛಲೋ ಅನಸ್ತಾವ.

ತಗೊಂಡವ್ರು ಜಾಗಾದಾಗ ಹಿಂದಿನಾಂವ ಬಿಟ್ಟು ಹೋದ ಡ್ರಮ್ಮು, ತುಕ್ಕು ಹಿಡದ ಮಶೀನು, ಮುರುಕ ಶೆಡ್ಡು ಏನೇನು ಐತಿ ಫೋಟೋ ತಗದು ತಾರೀಖು ಹಾಕಿ ಇಡ್ರಿ, ಆಗೂದಾದ್ರ ಖರೀದಿಗಿಂತ ಮೊದಲ ಅವನ ಕಡೆಯಿಂದ ತಗಸ್ರಿ, ಇಲ್ಲಂದ್ರ ಸ್ವಚ್ಛ ಮಾಡೂ ಖರ್ಚು ನಿಮ್ಮ ಕೊರಳಿಗೆ ಬರಬಹುದು. ಮುಂದ ಯಾವಾಗರೆ ಸಾಕು ಅನಿಸಿದ್ರ ಬಿಡೂದು ಸರಳ, ಬಿಎಲ್ಎಂಗೆ ಬರದು ಕೊಟ್ಟು ಬಿಡಬಹುದು, ಇಲ್ಲಾ ಆ ವರ್ಷದ ಫೀ ಕಟ್ಟದ ಇದ್ರ ಸೆಪ್ಟೆಂಬರ್ 1ಕ್ಕ ತಾನ ಬೀಳ್ತೈತಿ. ತೋಡಿದ ತಗ್ಗು ಮುಚ್ಚೂದು ಮಾತ್ರ ಕ್ಲೇಮ್ ಬಿದ್ದ ಮ್ಯಾಲೂ ತಪ್ಪಂಗಿಲ್ಲ, ಅದನ್ನ ಹಿಮ ಬೀಳೂಕಿಂತ ಮೊದಲು ಮುಗಿಸಿ ಬರ್ರಿ.